ಕಿವಿಯಲ್ಲೇ ಮೈಕ್ ಇಟ್ಕೊಂಡು ಐದು ದಿನ ಸುತ್ತಿದ್ದು

ಈ ಸಲದ ಟ್ರಿಪ್ಪಲ್ಲಿ ಫೋಟೋ ಬೇಡ, ಬರೀ ಶಬ್ದ ತರೋಣ ಅಂತ ಅಕ್ಕನ ಹತ್ರ ಹೇಳಿದ್ದೆ. ಅವಳು ಒಪ್ಕೊಂಡ್ಲು, ಆದ್ರೆ ದಿನಾ ರಾತ್ರಿ ಅವತ್ತಿನ ರೆಕಾರ್ಡಿಂಗ್ ತನಗೆ ಕೇಳಿಸ್ಲೇಬೇಕು ಅಂತ ಒಂದು ಕಂಡೀಷನ್ ಹಾಕಿದ್ಲು. ಈ ಐದು ದಿನದಲ್ಲಿ ನಾನು ಏನಾದ್ರೂ ಕಲ್ತಿದ್ರೆ ಅದು ಆ ಕಂಡೀಷನ್ನಿಂದಾನೇ.

ಸಾಮಾನು ಜಾಸ್ತಿ ಏನಿಲ್ಲ. ನೋಡೋಕೆ ಮಾಮೂಲಿ ಇಯರ್‌ಫೋನ್ ಥರಾನೇ ಇರೋ ಒಂದು ಜೊತೆ, ಆದ್ರೆ ಪ್ರತಿ ಬಡ್‌ನ ಹೊರಮುಖದಲ್ಲಿ ಬೆಂಕಿಕಡ್ಡಿ ತಲೆಯಷ್ಟು ಸಣ್ಣ ಮೈಕ್ ಇರುತ್ತೆ. ರೋಲ್ಯಾಂಡ್‌ನ ಸಿಎಸ್-10ಇಎಂ ಈ ಜಾತಿದು, ಹಳೇ ಐಫೋನಿಗೆ ನೇರ ಚುಚ್ತಿದ್ದ ಸೆನ್‌ಹೈಸರ್ ಆಂಬಿಯೋ ಸ್ಮಾರ್ಟ್ ಹೆಡ್‌ಸೆಟ್ ಕೂಡ ಇದೇ ಜಾತಿದು. ಕಾಲ್‌ನಲ್ಲಿ ಮಾತಾಡೋಕೆ ಅಂತ ಮೈಕ್ ಕೊಟ್ಟಿರೋ ಇಯರ್‌ಫೋನಲ್ಲಿ ಈ ಕೆಲಸ ಆಗಲ್ಲ, ಅಲ್ಲಿ ರೆಕಾರ್ಡ್ ಆಗೋದು ಒಂದೇ ಚಾನೆಲ್, ನಮಗೆ ಎಡಕಿವಿ ಕೇಳಿದ್ದು ಬೇರೆ ಬಲಕಿವಿ ಕೇಳಿದ್ದು ಬೇರೆಯಾಗೇ ಉಳೀಬೇಕು. ನನ್ನ ಹತ್ರ ಇರೋದು ವೈರ್ ಇರೋ ಜೊತೆ, ಜೇಬಲ್ಲಿ ಕೂರೋ ಚಿಕ್ಕ ರೆಕಾರ್ಡರ್‌ಗೆ ಸೇರುತ್ತೆ. ಆ ರೆಕಾರ್ಡರ್ ಮೈಕ್‌ಗೆ ಎರಡು ಮೂರು ವೋಲ್ಟ್ ಕರೆಂಟ್ ಕೊಡ್ಬೇಕು, ಪ್ಲಗ್-ಇನ್ ಪವರ್ ಅಂತಾರೆ, ಮೆನುವಲ್ಲಿ ಅದನ್ನ ಆನ್ ಮಾಡ್ದೇ ಇದ್ರೆ ಮೈಕ್ ಸತ್ತಹಾಗೇ.

ಮೊದಲನೇ ದಿನ, ರೈಲು

ಕಿಟಕಿ ಪಕ್ಕ ಕೂತ್ಕೊಂಡು ಎರಡೂ ಕಿವಿಗೆ ಬಡ್ ತೂರಿಸಿ ರೆಕಾರ್ಡ್ ಒತ್ತಿದೆ. 48 ಕಿಲೋಹರ್ಟ್ಸ್, 24 ಬಿಟ್, ಕುಗ್ಗಿಸದ ವೇವ್ ಫೈಲ್, ಈ ಕ್ವಾಲಿಟಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಜಿಬಿ ಆಗುತ್ತೆ. ರೈಲು ಹೊರಡೋ ಮುಂಚೆ ಪ್ಲಾಟ್‌ಫಾರ್ಮ್ ಗದ್ದಲಕ್ಕೆ ಲೆವೆಲ್ ಚೆನ್ನಾಗಿ ತುಂಬ್ಕೊಂಡು ಬರೋ ಹಾಗೆ ಇಟ್ಟಿದ್ದೆ, ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ಹಾರ್ನ್ ಹೊಡ್ಕೊಂಡು ಹೋಯ್ತು ನೋಡಿ, ಮೀಟರ್ ಕೆಂಪಾಗಿ ಆ ಜಾಗ ಪೂರ್ತಿ ಒಡೆದುಹೋಯ್ತು. ಒಡೆದ ಶಬ್ದನ ಆಮೇಲೆ ಪೂರ್ತಿ ಸರಿಮಾಡೋಕೆ ಬರಲ್ಲ. 24 ಬಿಟ್ ಇದ್ದಾಗ ಲೆವೆಲ್ ಕಮ್ಮಿ ಇಟ್ಟು ಮನೇಲಿ ಏರಿಸ್ಕೊಂಡ್ರೂ ನಷ್ಟ ಇಲ್ಲ, ಹಾಗಾಗಿ ಜೋರು ಶಬ್ದ ಬಂದಾಗ್ಲೂ ಮೀಟರ್ ಮೈನಸ್ 12 ಡೆಸಿಬಲ್ ದಾಟದ ಹಾಗೆ (ಸೊನ್ನೆ ಮುಟ್ಟಿದ್ರೆ ಒಡೆಯುತ್ತೆ) ಇಳಿಸಿಬಿಟ್ಟೆ, ಅಲ್ಲಿಂದ ಐದು ದಿನ ಅದೇ ಸೆಟ್ಟಿಂಗ್.

ಸದ್ದು ನೋಡ್ಕೊಂಡು ರೆಕಾರ್ಡರ್ ತಾನೇ ಲೆವೆಲ್ ಏರಿಸಿ ಇಳಿಸೋ ಆಟೋ ಲೆವೆಲ್ ಅನ್ನೋದನ್ನ ಮಾತ್ರ ಹೊರಡೋ ಮುಂಚೇನೇ ಆಫ್ ಮಾಡಿದ್ದೆ, ಇದೊಂದನ್ನ ಎಲ್ಲರಿಗೂ ಹೇಳ್ತೀನಿ. ಮಾಮೂಲಿ ರೆಕಾರ್ಡಿಂಗಲ್ಲಿ ಅದು ಶಬ್ದ ಉಸಿರಾಡೋ ಹಾಗೆ ಮಾಡುತ್ತೆ ಅಷ್ಟೇ, ಇಲ್ಲಿ ಎರಡು ಕಿವಿ ನಡುವಿನ ವ್ಯತ್ಯಾಸದಲ್ಲೇ ಶಬ್ದ ಎಲ್ಲಿಂದ ಬಂತು ಅನ್ನೋದು ಅಡಗಿರೋದು, ಎಡಕ್ಕೊಂದು ಬಲಕ್ಕೊಂದು ಏರಿಳಿತ ಮಾಡಿದ್ರೆ ಆ ದಿಕ್ಕೇ ಅಳಿಸಿಹೋಗುತ್ತೆ.

ರೈಲು ಸೇತುವೆ ಮೇಲೆ ಹೋದಾಗ ಸದ್ದು ಇದ್ದಕ್ಕಿದ್ದ ಹಾಗೆ ಕೆಳಗಡೆ ತೆರ್ಕೊಂಡಿದ್ದು, ಸುರಂಗದೊಳಗೆ ಹೋದಾಗ ಕಿಟಕಿ ಕಡೆಯಿಂದ ಗೋಡೆ ಮುಖದ ಹತ್ರಾನೇ ಬಂದ ಹಾಗಾಗಿದ್ದು, ಇದೆಲ್ಲ ಸಿಕ್ತು. ಜೊತೆಗೆ ಬೇಡದ್ದೂ ಸಿಕ್ತು. ವೈರ್ ಶರ್ಟಿಗೆ ಉಜ್ಜಿದ ಪ್ರತಿ ಸಲ ಕಿವಿಯೊಳಗೆ ಕರಕರ, ನಾನು ಉಗುಳು ನುಂಗಿದ್ದು, ಮೂಗಿನ ಉಸಿರು, ಹೆಗಲ ಮೇಲಿನ ಬ್ಯಾಗಿನ ಪಟ್ಟಿ ಕಿರ್ ಅಂದಿದ್ದು, ಎಲ್ಲ. ವೈರ್‌ನ ಕಿವಿ ಹಿಂದಿನಿಂದ ತಂದು ಕತ್ತಿನ ಹತ್ರ ಕ್ಲಿಪ್ ಹಾಕಿ ನಡುವೆ ಸ್ವಲ್ಪ ಸಡಿಲ ಬಿಟ್ಟ ಮೇಲೆ ಕರಕರ ನಿಂತಿತು. ಬಾಯಿಂದ ನಿಧಾನಕ್ಕೆ ಉಸಿರಾಡೋದು ಅಭ್ಯಾಸ ಮಾಡ್ಕೊಂಡೆ. ಪಟ್ಟಿ ಕಿರ್ ಅನ್ನೋದಕ್ಕೆ ಮಾತ್ರ ಔಷಧಿ ಇಲ್ಲ, ಬ್ಯಾಗ್ ಕೆಳಗಿಡ್ಬೇಕು ಅಷ್ಟೇ.

ಇನ್ನೊಂದು ವಿಷಯ ಮನಸಿಗೆ ಚುಚ್ತು. ಎದುರು ಸೀಟಲ್ಲಿದ್ದ ಇಬ್ರು ತಮ್ಮ ಮನೆ ವಿಚಾರ ಮಾತಾಡ್ತಿದ್ರು, ನನ್ನ ನೋಡಿ ಇವನು ಹಾಡು ಕೇಳ್ತಿದಾನೆ ಅಂದ್ಕೊಂಡಿರ್ತಾರೆ. ದೊಡ್ಡ ಮೈಕ್ ಹಿಡ್ಕೊಂಡ್ರೆ ಜನಕ್ಕೆ ಗೊತ್ತಾಗುತ್ತೆ, ಇದು ಗೊತ್ತಾಗಲ್ಲ. ರೆಕಾರ್ಡಿಂಗ್ ನಿಲ್ಲಿಸಿ ಆ ಭಾಗ ಡಿಲೀಟ್ ಮಾಡ್ದೆ, ಆಮೇಲೆ ಯಾರಾದ್ರೂ ಹತ್ರ ಕೂತಿದ್ರೆ ಕೇಳ್ಕೊಂಡೇ ಶುರುಮಾಡ್ತಿದ್ದೆ. ಬೇಡ ಅಂದವರು ಒಬ್ರು ಮಾತ್ರ, ಸರಿ ಅಂದು ಬಾಗಿಲ ಹತ್ರ ಹೋಗಿ ಕೂತೆ.

ರಾತ್ರಿ ಅಕ್ಕ ಹೆಡ್‌ಫೋನ್ ಹಾಕ್ಕೊಂಡು ಕಣ್ಮುಚ್ಚಿ ಸುರಂಗದ ಭಾಗ ಕೇಳಿದ್ಲು, ಬಲಗೈ ಎತ್ತಿ ಮುಖದ ಪಕ್ಕ ಹಿಡಿದ್ಲು, ಗೋಡೆ ತಾಗುತ್ತೇನೋ ಅನ್ನೋ ಥರ. "ಕಿಟಕಿ ಬಲಗಡೆ ಇತ್ತಾ?" ಅಂದ್ಲು. ಕಿಟಕಿ ಇದ್ದಿದ್ದು ನನ್ನ ಎಡಕ್ಕೆ. ನೋಡಿದ್ರೆ ಕತ್ತಲಲ್ಲಿ ಎಡದ ಬಡ್ ಬಲಕ್ಕೆ ಹಾಕ್ಕೊಂಡುಬಿಟ್ಟಿದ್ದೆ. ಇದನ್ನ ಮನೇಲಿ ಚಾನೆಲ್ ಅದಲುಬದಲು ಮಾಡಿ ಸರಿಮಾಡ್ಬಹುದು, ಆದ್ರೆ ತಪ್ಪಾಗಿದೆ ಅಂತ ಮೊದ್ಲು ಗೊತ್ತಾಗ್ಬೇಕಲ್ಲ. ಆವತ್ತಿಂದ ಪ್ರತಿ ರೆಕಾರ್ಡಿಂಗ್ ಶುರುವಲ್ಲಿ ಎಡಕಿವಿ ಪಕ್ಕ ಒಂದು ಚಿಟಿಕೆ ಹೊಡೆದು "ಎಡ" ಅಂತೀನಿ, ಬಲಕ್ಕೆ ಹೊಡೆದು "ಬಲ" ಅಂತೀನಿ, ಆಮೇಲೆ ಜಾಗ, ಟೈಮ್.

ಎರಡನೇ ದಿನ, ಕಾಡು

ಬೆಳಗ್ಗೆ ಇನ್ನೂ ಕತ್ತಲಿದ್ದಾಗ್ಲೇ ಕಾಡಂಚಿಗೆ ಹೋಗಿ ಒಂದು ಮರದ ಬುಡಕ್ಕೆ ಒರಗಿ ಕೂತೆ, ಅಕ್ಕ ಸ್ವಲ್ಪ ದೂರದಲ್ಲಿ. ಶುರುವಲ್ಲಿ ಜೀರುಂಡೆ ಬಿಟ್ರೆ ಏನಿಲ್ಲ. ಆಮೇಲೆ ಎಡಗಡೆ ದೂರದಲ್ಲಿ ಒಂದು ಹಕ್ಕಿ, ಅದಕ್ಕೆ ಬಲಗಡೆ ಮೇಲಿಂದ ಇನ್ನೊಂದು ಉತ್ತರ, ಹತ್ತು ನಿಮಿಷದಲ್ಲಿ ಇಡೀ ಕಾಡು ತುಂಬ್ಕೊಳ್ತು. ಇದನ್ನ ಮಾಮೂಲಿ ಸ್ಟೀರಿಯೋ ಮೈಕಲ್ಲಿ ನಾನು ಮುಂಚೆ ಮಾಡಿದೀನಿ, ಹೆಡ್‌ಫೋನಲ್ಲಿ ಕೇಳಿದ್ರೆ ಎಲ್ಲ ಹಕ್ಕಿನೂ ತಲೆಯೊಳಗೆ ಒಂದು ಗೆರೆ ಮೇಲೆ ಸಾಲಾಗಿ ಕೂತಿರುತ್ವೆ. ಇದರಲ್ಲಿ ಅವು ತಲೆ ಹೊರಗೆ ಇರ್ತವೆ, ಒಂದು ಹತ್ರ, ಒಂದು ದೂರ, ಒಂದು ಕೊಂಬೆ ಮೇಲೆ.

ಯಾಕೆ ಅಂತ ಕೂತಲ್ಲೇ ಲೆಕ್ಕ ಹಾಕ್ದೆ. ಶಬ್ದ ಒಂದು ಮಿಲಿಸೆಕೆಂಡಲ್ಲಿ ಹೆಚ್ಚುಕಮ್ಮಿ 34 ಸೆಂಟಿಮೀಟರ್ ಹೋಗುತ್ತೆ. ಪೂರ್ತಿ ಎಡಗಡೆ ಇರೋ ಹಕ್ಕಿ ಕೂಗು ಎಡಕಿವಿ ಮುಟ್ಟಿ, ತಲೆ ಸುತ್ತಿ ಬಲಕಿವಿಗೆ ಬರೋಷ್ಟರಲ್ಲಿ 0.6, 0.7 ಮಿಲಿಸೆಕೆಂಡ್ ತಡ, ಅಷ್ಟು ಚೂರು ತಡವನ್ನ ಮಿದುಳು ಹಿಡಿಯುತ್ತೆ. ತೆಳು ದನಿಗೆ, ಅಂದ್ರೆ ಪಿಚ್ ಜಾಸ್ತಿ ಇರೋ ದನಿಗೆ, ಇನ್ನೊಂದು ಗುರುತಿದೆ, ತಲೆ ಅಡ್ಡ ಬಂದು ಆಚೆಕಿವಿಗೆ ನೆರಳು ಬೀಳುತ್ತೆ, ಅಲ್ಲಿ ಸದ್ದು ಕಮ್ಮಿ ಆಗುತ್ತೆ. ಸುಮಾರು 1500 ಹರ್ಟ್ಸ್‌ಗಿಂತ ಕೆಳಗೆ ಸಮಯದ ವ್ಯತ್ಯಾಸ, ಮೇಲೆ ಜೋರಿನ ವ್ಯತ್ಯಾಸ, ಈ ಎರಡು ದಾರಿಯ ಮಾತನ್ನ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲೇ ಬರೆದಿದ್ದು. ಮೇಲೆ ಕೆಳಗೆ, ಮುಂದೆ ಹಿಂದೆ ಅನ್ನೋದನ್ನ ಹೇಳೋದು ಮಾತ್ರ ಹೊರಕಿವಿಯ ಮಡಿಕೆಗಳು, ಒಂದೊಂದು ದಿಕ್ಕಿಂದ ಬಂದಾಗ್ಲೂ ಅವು ಕೆಲವು ತೆಳು ದನಿಗಳನ್ನ ಒಂದೊಂದು ಥರ ಏರಿಸಿ ಇಳಿಸಿ ಒಳಗೆ ಬಿಡ್ತವೆ. ಮೈಕ್ ಕಿವಿತೂತಿನ ಬಾಯಲ್ಲೇ ಕೂತಿರೋದ್ರಿಂದ ಆ ಮಡಿಕೆಗಳ ಕೆಲಸ ಮುಗಿದ ಮೇಲಿನ ಶಬ್ದಾನೇ ಅದಕ್ಕೆ ಸಿಗೋದು. ಬಡ್ ಕಿವಿ ಮುಚ್ಚಿದ್ರೆ ಪರವಾಗಿಲ್ವಾ ಅಂತ ತುಂಬ ಜನ ಕೇಳ್ತಾರೆ, ಪರವಾಗಿಲ್ಲ, ತೂತಿನ ಬಾಯಿ ಮುಚ್ಚಿ ಅಲ್ಲೇ ಅಳೆದ್ರೂ ದಿಕ್ಕಿನ ಮಾಹಿತಿ ಪೂರ್ತಿ ಇರುತ್ತೆ ಅಂತ ಹಾಮರ್ಶೊಯ್ ಮತ್ತೆ ಮೊಲರ್ ಅನ್ನೋ ಸಂಶೋಧಕರು 1996ರಲ್ಲಿ ತೋರಿಸಿದಾರೆ. ಬಡ್ ಹೊರಗೆ ಚಾಚ್ಕೊಂಡಿದ್ರೆ ಮಾತ್ರ ನಷ್ಟ, ಮೈಕ್ ಮಡಿಕೆಗಳಿಂದ ಆಚೆ ಬಂದ್ಬಿಡುತ್ತೆ. ಅದಕ್ಕೇ ಸರಿ ಅಳತೆಯ ರಬ್ಬರ್ ಟಿಪ್ ಹುಡುಕೋಕೆ ಟೈಮ್ ಕೊಡಿ.

ಬೆಳಕಾದ ಮೇಲೆ ಒಂದು ದೊಡ್ಡ ಹಕ್ಕಿ ರೆಕ್ಕೆ ಬಡಿತಾ ಎಡದಿಂದ ನನ್ನ ತಲೆ ಮೇಲೇ ಹಾರಿಹೋಯ್ತು, ನಾನು ಅರಿವಿಲ್ದೇ ಕತ್ತು ತಿರುಗಿಸಿ ನೋಡ್ದೆ. ಕಣ್ಣಿಗೆ ಅದ್ಭುತ. ರಾತ್ರಿ ಅಕ್ಕ ಅದೇ ಜಾಗಕ್ಕೆ ಬಂದಾಗ ಹೆಡ್‌ಫೋನ್ ಎತ್ತಿಬಿಟ್ಲು. "ಕಾಡೆಲ್ಲ ಒಂದು ಸುತ್ತು ತಿರುಗಿದ ಹಾಗಾಯ್ತು ಕಣೋ, ಏನು ಮಾಡ್ದೆ?"

ನಾವು ಕತ್ತು ತಿರುಗಿಸಿದಾಗ ಲೋಕ ತಿರುಗಿದ ಹಾಗೆ ಅನ್ಸಲ್ಲ, ಯಾಕಂದ್ರೆ ಕತ್ತು ತಿರುಗ್ತಿದೆ ಅಂತ ಮಿದುಳಿಗೆ ಗೊತ್ತಿರುತ್ತೆ. ಅವಳ ಕತ್ತು ಅಲ್ಲಾಡಿಲ್ಲ, ಅವಳ ಪಾಲಿಗೆ ಇಡೀ ಕಾಡೇ ಹೊರಳಿತು. ಹಕ್ಕಿ ಹಾರಿದ ಆ ಸದ್ದು, ನಾನು ಅವಳಿಗೆ ಕೊಡ್ಬೇಕು ಅಂತ ತುಂಬ ಆಸೆಪಟ್ಟಿದ್ದು, ನಾನು ನೋಡಿದ್ದರಿಂದಾನೇ ಹಾಳಾಯ್ತು. ಇದು ನನಗೆ ನಿಜವಾಗ್ಲೂ ಬೇಜಾರು ಮಾಡ್ತು. ಕ್ಯಾಮೆರಾದಲ್ಲಿ ಹಿಂದೆ ತಿರುಗಿ ನೋಡಿದ್ದಕ್ಕೆ ಫೋಟೋ ಕೆಡಲ್ಲ. ಇಲ್ಲಿ ನಾನೇ ಮೈಕ್ ಸ್ಟ್ಯಾಂಡು.

ಇದೇ ಕಾರಣಕ್ಕೆ ಸ್ಟುಡಿಯೋದವರು ಕಿವಿಯಲ್ಲಿ ಮೈಕ್ ಇಟ್ಟಿರೋ ಗೊಂಬೆ ತಲೆ ಬಳಸೋದು. ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರ ಆಸ್ಕರ್ ಅನ್ನೋ ಗೊಂಬೆಯನ್ನ 1933ರ ಶಿಕಾಗೋ ವಿಶ್ವಮೇಳದಲ್ಲಿ ಜನಕ್ಕೆ ತೋರಿಸಿದ್ರು, ಈಗ ನಾಯ್ಮನ್ ಕೆಯು 100 ಅನ್ನೋ ತಲೆ ಪ್ರಸಿದ್ಧ. ಅದು ಉಸಿರಾಡಲ್ಲ, ಹಕ್ಕಿ ಹಾರಿದ್ರೆ ತಿರುಗಿ ನೋಡಲ್ಲ, ಅದರ ಸ್ವಂತ ಸುಸ್ ಅನ್ನೋ ನಾಯ್ಸ್ ಕೂಡ 16 ಡೆಸಿಬಲ್ ಅಷ್ಟೇ. ನನ್ನ ಕಿವಿಯ ಚಿಕ್ಕ ಮೈಕಲ್ಲಿ ನಾಯ್ಸ್ ಅದಕ್ಕಿಂತ ಜಾಸ್ತಿ, ಹಕ್ಕಿ ಸುಮ್ಮನಾದಾಗ ಸಣ್ಣ ಮಳೆ ಥರ ಸುಸ್ ಅಂತ ಕೇಳುತ್ತೆ. ಆದ್ರೆ ಮೂರುವರೆ ಕೇಜಿ ತೂಕದ ಗೊಂಬೆ ತಲೆಯನ್ನ ಕತ್ತಲಲ್ಲಿ ಕಾಡೊಳಗೆ ಹೊತ್ಕೊಂಡು ಹೋಗೋಕೆ ನನ್ನಿಂದ ಆಗಲ್ಲ, ತಲೆ ಹೇಗೂ ಹೆಗಲ ಮೇಲೇ ಇದೆ.

ಮೂರನೇ ದಿನ, ಗುಡ್ಡದ ಮೇಲೆ

ಇವತ್ತಿಂದು ಕಮ್ಮಿ ಬರೀತೀನಿ. ತುದಿಗೆ ಹತ್ತಿದ್ವಿ, ಕೆಳಗೆ ಕಣಿವೆ, ದೂರದಲ್ಲಿ ದನದ ಗಂಟೆ ಶಬ್ದ ತೇಲ್ಕೊಂಡು ಬರ್ತಿತ್ತು, ನಲವತ್ತು ನಿಮಿಷ ಕದಲದೇ ಕೂತೆ. ಒಂದು ಸೆಕೆಂಡೂ ಉಪಯೋಗಕ್ಕೆ ಬರಲಿಲ್ಲ. ಗಾಳಿ.

ಮೈಕ್ ಮೇಲೆ ತೆಳು ಫೋಮ್ ಇತ್ತು, ಅದು ಗುಡ್ಡದ ಗಾಳಿಗೆ ಎಲ್ಲಿ ಸಾಲುತ್ತೆ. ಬರೀ ಬುರ್ ಬುರ್ ಅನ್ನೋ ಮಂದ್ರ ಸದ್ದಾಗಿದ್ರೆ ಆಮೇಲೆ ಲೋ ಕಟ್ ಫಿಲ್ಟರ್ ಹಾಕಿ ತೆಗೀಬಹುದಿತ್ತು, ಆದ್ರೆ ಮೈಕೇ ತುಂಬಿ ಒಡೆದುಹೋಗಿದ್ರೆ ಅದೂ ಆಗಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನು ಅಂದ್ರೆ ಎರಡು ಮೈಕಿಗೆ ಬಡಿಯೋ ಗಾಳಿ ಸುಳಿಗೂ ಒಂದಕ್ಕೊಂದು ಸಂಬಂಧಾನೇ ಇರಲ್ಲ, ಹಾಗಾಗಿ ಮಿದುಳು ಅದಕ್ಕೆ ಹೊರಗೆ ಒಂದು ಜಾಗ ಕೊಡೋಕಾಗ್ದೇ ಎರಡೂ ಕಿವಿಯೊಳಗೆ ಬೇರೆಬೇರೆಯಾಗಿ ಇಟ್ಬಿಡುತ್ತೆ, ಅದರ ಹಿಂದೆ ಕಣಿವೆ ಮಾಯ ಆಗುತ್ತೆ. ಉಣ್ಣೆ ಟೋಪಿ ಕಿವಿ ಮೇಲೆ ಎಳ್ಕೊಂಡು ನೋಡ್ದೆ, ಗಾಳಿ ತಗ್ತು, ಜೊತೆಗೆ ತೆಳು ದನಿ ಎಲ್ಲ ಮಂಕಾಗಿ ಹೊರಕಿವಿ ಮಡಿಕೆ ಕೆಲಸಾನೂ ಹೋಯ್ತು, ಉಸಿರೆಳೆದ್ರೆ ಉಣ್ಣೆ ಉಜ್ಜೋ ಸದ್ದು ಬೇರೆ. ಕೊನೆಗೆ ಒಂದು ದೊಡ್ಡ ಬಂಡೆ ಮರೆಗೆ ಹೋಗಿ, ಪುಟ್ಟ ತುಪ್ಪಳದ ಕವರ್ ಸಿಕ್ಕಿಸ್ಕೊಂಡು ಆರು ನಿಮಿಷ ತೆಗೆದೆ. ಗಂಟೆ ಸದ್ದು ಅಷ್ಟೊತ್ತಿಗೆ ಗುಡ್ಡದ ಆಚೆ ದಾಟಿಹೋಗಿತ್ತು.

ರಾತ್ರಿ ಅಕ್ಕನಿಗೆ ಕೇಳಿಸೋಕೆ ಏನೂ ಇಲ್ಲ ಅಂದೆ. ಆ ಆರು ನಿಮಿಷಾನೇ ಹಾಕು ಅಂದ್ಲು. ಬಂಡೆ ತನ್ನ ಬೆನ್ನಿಗೇ ಇದೆ ಅನ್ಸುತ್ತೆ ಅಂದ್ಲು, ನಾನು ಬಂಡೆ ಬಗ್ಗೆ ಹೇಳಿರಲಿಲ್ಲ.

ನಾಲ್ಕನೇ ದಿನ, ಹೊಳೆ ಮತ್ತೆ ಮಳೆ

ಬೆಳಗ್ಗೆ ಮಳೆ. ಜಾಕೆಟ್ಟಿನ ಹುಡ್ ಹಾಕ್ಕೊಂಡ್ರೆ ಹನಿ ಕಿವಿ ಮೇಲೇ ಪಟಪಟ ಅನ್ನುತ್ತೆ, ಅದಕ್ಕೇ ದೊಡ್ಡ ಛತ್ರಿ ಬಿಚ್ಚಿ ಅದರ ಕೆಳಗೆ ನಿಂತೆ. ಈ ಟ್ರಿಪ್ಪಿನ ಅತಿ ಚೆಂದದ ರೆಕಾರ್ಡಿಂಗ್ ಅದೇ ಅಂತ ಈಗ್ಲೂ ಅನ್ಸುತ್ತೆ. ತಲೆ ಮೇಲೆ ಒಂದಡಿ ಎತ್ತರದಲ್ಲಿ ಬಟ್ಟೆ ಮೇಲಿನ ಮಳೆ, ಸುತ್ತ ಎಲೆ ಮೇಲಿನ ಮಳೆ, ಕಾಲ ಹತ್ರ ಕೆಸರಲ್ಲಿ ಹನಿ, ಮೂರು ಮಳೆ ಮೂರು ಎತ್ತರದಲ್ಲಿ. ಕೈ ನೋಯ್ತಾ ಬಂತು, ಛತ್ರಿ ಸ್ವಲ್ಪ ವಾಲಿದ್ರೆ ಅದೂ ಕೇಳುತ್ತೆ ಅಂತ ಹಲ್ಲುಕಚ್ಚಿ ಹಿಡ್ಕೊಂಡಿದ್ದೆ.

ರೆಕಾರ್ಡ್ ಆಗ್ತಿರೋವಾಗ್ಲೇ ಅದೇ ಇಯರ್‌ಫೋನಲ್ಲಿ ಕೇಳ್ಬೇಕು ಅಂತ ಆಸೆ ಆಗುತ್ತೆ, ನಾನೂ ಒಂದ್ಸಲ ವಾಲ್ಯೂಮ್ ಏರಿಸ್ದೆ, ತಕ್ಷಣ ಕೂಂಯ್ ಅಂತ ಸಿಳ್ಳೆ. ಸ್ಪೀಕರ್ರೂ ಮೈಕೂ ಒಂದೇ ಬಡ್ ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿರ್ತವೆ, ಒಂದರ ಸದ್ದು ಇನ್ನೊಂದಕ್ಕೆ ಸೋರುತ್ತೆ. ಸಿಳ್ಳೆ ಬರದಷ್ಟು ಕಮ್ಮಿ ಇಟ್ರೂ ಆ ಸೋರಿಕೆ ರೆಕಾರ್ಡಿಂಗಲ್ಲಿ ಸೇರ್ಕೊಂಡಿರುತ್ತೆ. ಮೀಟರ್ ನೋಡಿ ನಂಬ್ಕೊಂಡು, ರೆಕಾರ್ಡ್ ಆಗ್ತಿರೋದನ್ನ ಆಗ್ಲೇ ಕೇಳಿಸೋ ಮಾನಿಟರ್ ಪೂರ್ತಿ ಆಫ್ ಇಡೋದೇ ಸರಿ.

ಮಧ್ಯಾಹ್ನ ಮಳೆ ನಿಂತ ಮೇಲೆ ಹೊಳೆ ದಡಕ್ಕೆ ಹೋದ್ವಿ. ನೀರಿನ ಕಡೆ ಮುಖ ಮಾಡಿ ಕಲ್ಲಿನ ಮೇಲೆ ಕೂತು ಇಪ್ಪತ್ತು ನಿಮಿಷ ತೆಗೆದೆ, ಈ ಸಲ ಕತ್ತು ಕಲ್ಲಿನ ಥರಾನೇ. ರಾತ್ರಿ ನಾನು ಕೇಳಿದೆ, ಹೊಳೆ ಎದುರಿಗೇ ಹರೀತಿತ್ತು, ಎಡದಿಂದ ಬಲಕ್ಕೆ. ಹೆಡ್‌ಫೋನ್ ಅಕ್ಕನಿಗೆ ಕೊಟ್ಟೆ.

"ಹೊಳೆಗೆ ಬೆನ್ನು ಹಾಕಿ ಯಾಕೆ ಕೂತಿದ್ದೆ?" ಅಂದ್ಲು.

"ಇಲ್ಲ ಅಕ್ಕ, ಎದುರಿಗೇ ಇತ್ತು, ನೀನೂ ಅಲ್ಲೇ ಇದ್ಯಲ್ಲ."

"ಇದ್ದೆ ಗೊತ್ತು. ಆದ್ರೆ ಇದ್ರಲ್ಲಿ ಹಿಂದೆ ಇದೆ. ಗ್ಯಾರಂಟಿ."

ಮೂರು ಸಲ ಹಾಕಿದೆ, ಮೂರು ಸಲಾನೂ ಹಿಂದೇನೇ. ನೇರ ಮುಂದೆ ಇದ್ರೂ ನೇರ ಹಿಂದೆ ಇದ್ರೂ ಎರಡು ಕಿವಿಗೂ ಶಬ್ದ ಒಂದೇ ಹೊತ್ತಿಗೆ ಒಂದೇ ಜೋರಲ್ಲಿ ಬರುತ್ತೆ, ಸಮಯಾನೂ ಜೋರೂ ಏನೂ ಹೇಳಲ್ಲ, ಹೇಳೋದು ಹೊರಕಿವಿಯ ಮಡಿಕೆ ಮಾತ್ರ. ಆ ಮಡಿಕೆ ನನ್ದು. ಅವಳ ಮಿದುಳು ಹುಟ್ಟಿದಾಗಿನಿಂದ ಅವಳ ಕಿವಿಯ ಲಿಪಿ ಓದ್ಕೊಂಡು ಬಂದಿರೋದು, ನನ್ನ ಕಿವಿ ಬರೆದಿದ್ದು ಅದಕ್ಕೆ ಬೇರೆಯವರ ಕೈಬರಹ. ನಿಜವಾದ ಹೊಳೆ ಹತ್ರ ಆಗಿದ್ರೆ ಅವಳು ತಲೆ ಒಂದು ಚೂರು ಆಡಿಸಿದ್ರೂ ಸಾಕಿತ್ತು, ಮುಂದಿದ್ಯೋ ಹಿಂದಿದ್ಯೋ ಬಯಲಾಗ್ತಿತ್ತು, ರೆಕಾರ್ಡಿಂಗಲ್ಲಿ ಆ ದಾರಿನೂ ಮುಚ್ಚಿದೆ. ಒಂದೇ ಮನೆಯ ಕಿವಿ, ಆದ್ರೂ ಇಷ್ಟು ಬೇರೆ.

ಅವತ್ತು ರಾತ್ರಿ ತುಂಬ ಹೊತ್ತು ಇದನ್ನೇ ಯೋಚ್ನೆ ಮಾಡ್ತಿದ್ದೆ. ನಾಲ್ಕು ದಿನದಿಂದ ನಾನು ಕಾಡು ತಂದೆ, ಹೊಳೆ ತಂದೆ ಅಂದ್ಕೊಂಡಿದ್ದೆ. ತಂದಿರೋದು ನನ್ನ ತಲೆ ಅಲ್ಲಿದ್ದಾಗ ನನ್ನ ತಲೆಗೆ ಸಿಕ್ಕಿದ್ದು, ಅದು ಪೂರ್ತಿ ಸರಿಯಾಗಿ ಕೂರೋದೂ ನನ್ನ ತಲೆಗೇನೇ.

ಐದನೇ ದಿನ, ಕಡಲು

ಬೆಳಗ್ಗೆ ಎದ್ದ ತಕ್ಷಣ ಬಡ್ ಒರೆಸಿ, ರಬ್ಬರ್ ಟಿಪ್ ಬದಲಾಯ್ಸಿ ಅಕ್ಕನ ಕೈಗೆ ಕೊಟ್ಟೆ. ಇವತ್ತು ನಿನ್ನ ಕಿವಿ ಅಂದೆ. ಅವಳದ್ದು ಸಣ್ಣ ಕಿವಿ, ನನ್ನ ಟಿಪ್ ಹಾಕಿದ್ರೆ ಬಡ್ ಹೊರಗೆ ನಿಲ್ಲುತ್ತೆ. ಕೂದಲು ಮೈಕಿಗೆ ತಾಗದ ಹಾಗೆ ಹಿಂದಕ್ಕೆ ಎತ್ತಿ ಕಟ್ಕೊಂಡ್ಲು, ಅದನ್ನ ನಾನು ಹೇಳೇ ಇರ್ಲಿಲ್ಲ. ಗಾಳಿ ಜಾಸ್ತಿ ಇರ್ಲಿಲ್ಲ, ಮರಳ ದಿಬ್ಬದ ಮರೆ ಬೇರೆ ಸಿಕ್ತು. ಕಡಲಿಗೆ ಮುಖ ಮಾಡಿ ಕೂತು ಎಡಕ್ಕೊಂದು ಬಲಕ್ಕೊಂದು ಚಿಟಿಕೆ ಹೊಡೆದು ಟೈಮ್ ಹೇಳಿ ಸುಮ್ಮನಾದ್ಲು. ನಾನು ಅರ್ಧ ಗಂಟೆ ಅವಳ ಸುತ್ತ ದೂರದಲ್ಲಿ ನಡೆದೆ, ನೀರಲ್ಲಿ ಸ್ವಲ್ಪ ಹೊತ್ತು, ಒಣ ಮರಳಲ್ಲಿ ಸ್ವಲ್ಪ ಹೊತ್ತು, ಕೊನೆಗೆ ಅವಳ ಬಲಗಡೆ ಬಂದು ಬಗ್ಗಿ, ಸಾಕಾ ಅಂತ ಮೆಲ್ಲಗೆ ಕೇಳ್ದೆ. ಅವಳು ಕೈಸನ್ನೆಯಲ್ಲೇ ಇನ್ನೂ ಸ್ವಲ್ಪ ಅಂದ್ಲು.

ಕೇಳೋಕೆ ಕೂತಾಗ ಮೊದ್ಲು ಫೋನಿನ ಸ್ಪೀಕರಲ್ಲಿ ಹಾಕೋಕೆ ಹೋದ್ಲು, ಬೇಡ ಅಂದೆ. ಸ್ಪೀಕರಲ್ಲಿ ಎಡದ್ದು ಬಲಕಿವಿಗೂ ಬಲದ್ದು ಎಡಕಿವಿಗೂ ಸೇರಿ, ಶಬ್ದ ಎರಡೆರಡು ತಲೆ ಸುತ್ತಿ ಬಂದ ಹಾಗಾಗುತ್ತೆ. ಇದು ಹೆಡ್‌ಫೋನಿಗೇ ಹುಟ್ಟಿದ ಕೆಲಸ, 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಅನ್ನೋ ಫ್ರೆಂಚ್ ಇಂಜಿನಿಯರ್ ಒಪೆರಾ ವೇದಿಕೆಯಿಂದ ತಂತಿ ಎಳೆದು ಜನಕ್ಕೆ ಒಂದೊಂದು ಕಿವಿಗೂ ಒಂದೊಂದು ಟೆಲಿಫೋನ್ ಕೊಟ್ಟಾಗ್ಲೂ ಹಾಗೇ, ಎರಡು ಕಿವಿಗೆ ಎರಡು ಬೇರೆ ದಾರಿ. ಬೇರೆಯವರಿಗೆ ಕಳಿಸೋವಾಗ್ಲೂ ಎಲ್ಲಾದ್ರೂ ಮಧ್ಯದಲ್ಲಿ ಮೋನೋ ಆಗಿ ಎರಡೂ ಒಂದಾಗಿಬಿಟ್ರೆ ಉಳಿಯೋದು ಬರೀ ಅಲೆಯ ಗದ್ದಲ.

ಹೆಡ್‌ಫೋನ್ ಹಾಕ್ಕೊಂಡ ಅವಳ ಮುಖ ನೋಡ್ತಾ ಕೂತಿದ್ದೆ. ಸ್ವಲ್ಪ ಹೊತ್ತಾದ್ಮೇಲೆ ಕಣ್ಣು ಬಿಡದೇ ಒಂದು ಬೆರಳು ಎದುರಿಗೆ ಚಾಚಿದ್ಲು. "ಮುಂದೆ ಇದೆ" ಅಂದ್ಲು. "ಅಲ್ಲೇ ಇದೆ ಕಣೋ, ಮುಂದೇನೇ."

ಆಮೇಲೆ ನಾನು ಕೇಳ್ದೆ. ನನಗೆ ಕಡಲು ಬೆನ್ನ ಹಿಂದೆ ಬಂತು, ಬರುತ್ತೆ ಅಂತ ಗೊತ್ತಿದ್ರೂ ಮೈ ಜುಮ್ ಅಂತು. ನನ್ನ ಹೆಜ್ಜೆ ದೂರದಲ್ಲಿ ಎಲ್ಲೋ ಸುತ್ತುತ್ತಿತ್ತು, ಒಂದೊಂದ್ಸಲ ಅಲೆಯೊಳಗೆ ಕಳ್ದುಹೋಗ್ತಿತ್ತು. ನಡುವೆ ಅವಳ ಉಸಿರು, ನನ್ನದೇ ಉಸಿರಿನಷ್ಟು ಹತ್ರ. ಅದನ್ನ ಕಟ್ ಮಾಡ್ಬೇಕು ಅಂತ ಅನ್ನಿಸಲೇ ಇಲ್ಲ. ಕೊನೆಗೆ ಬಲಭುಜದ ಪಕ್ಕ ಯಾರೋ ಬಗ್ಗಿ ಸಾಕಾ ಅಂತ ಕೇಳಿದ್ರು, ನಾನು ತಿರುಗಿ ನೋಡ್ದೆ, ಅಲ್ಲಿ ಗೋಡೆ ಇತ್ತು. ನನ್ನ ದನಿ ಅವಳಿಗೆ ಹಾಗೆ ಬರುತ್ತೆ.

ವಾಪಸ್ ಬರೋ ರೈಲಲ್ಲಿ ಮೈಕ್ ಅವಳ ಕಿವಿಯಲ್ಲೇ ಇತ್ತು. ಪಕ್ಕದಲ್ಲಿದ್ದವರನ್ನ ಕೇಳಿ, ಚಿಟಿಕೆ ಹೊಡೆದು, ಕಿಟಕಿ ಕಡೆ ಮುಖ ಮಾಡಿ ಕದಲದೇ ಕೂತ್ಲು. ಅವಳ ಬ್ಯಾಗ್ ತಗೊಂಡು ನನ್ನ ಕಾಲ ಹತ್ರ ಇಟ್ಕೊಂಡೆ, ಪಟ್ಟಿ ಕಿರ್ ಅನ್ಬಾರ್ದು ಅಂತ.